ಕಡಲಿಲ್ಲದ ಸೀಮೆಯಲ್ಲಿ ಕಡಲ ಜೀವ: ಸಾಕಬಹುದು, ಆದರೆ ಯಾರು?

ನಕ್ಷೆಯ ಮೇಲೆ ಚಿಪ್ಪಗಿರಿಯಿಂದ ಮೂಡಣಕ್ಕೆ ನೇರ ಗೆರೆ ಎಳೆದರೆ ಬಂಗಾಳಕೊಲ್ಲಿ ಸುಮಾರು 300 ಕಿಲೋಮೀಟರ್ ದೂರ. ಪಡುವಣಕ್ಕೆ ಎಳೆದರೆ ಅರಬ್ಬೀ ಸಮುದ್ರ ಅದಕ್ಕಿಂತ ತುಸು ಹೆಚ್ಚೇ ದೂರ. ಯಾವ ಕಡಲಿಗೂ ಸೇರದ ನಡುನಾಡು ಇದು. ವಿಜಯದಾಸರು ತಮ್ಮ ಕೊನೆಯ ಕಾಲವನ್ನು ಕಳೆದ ಊರೆಂದು ಚಿಪ್ಪಗಿರಿ ಕನ್ನಡಿಗರಿಗೆಲ್ಲ ಗೊತ್ತು. ಅದರ ಸುತ್ತಲಿನ ಆಲೂರು, ಆದವಾನಿಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದರೂ ಅಲ್ಲಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಹತ್ತಿ, ಶೇಂಗಾ, ಬರ, ಗುಳೆ ಇವು ಈ ಸೀಮೆಯ ದಿನಬಳಕೆಯ ಮಾತುಗಳು. ಇಲ್ಲಿ ಕುಳಿತು ಹವಳದ ದಿಬ್ಬದ ಅನಿಮೋನನ್ನು ಮನೆಯಲ್ಲಿ ಸಾಕುವ ಬಗ್ಗೆ ಬರೆಯುವುದು ಕೆಲವರಿಗೆ ತಮಾಷೆಯಾಗಿ ಕಾಣಬಹುದು. ಆದರೆ ಉಪ್ಪುನೀರಿನ ಅಕ್ವೇರಿಯಂ ಈಗ ಕರಾವಳಿಯ ಹವ್ಯಾಸವಾಗಿ ಉಳಿದಿಲ್ಲ. ಬೆಂಗಳೂರು, ಹೈದರಾಬಾದಿನ ಅಂಗಡಿಗಳಲ್ಲಿ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಕಡಲ ಜೀವಿಗಳು ಮಾರಾಟವಾಗುತ್ತವೆ. ಅವು ಒಂದು ರಾತ್ರಿಯ ರೈಲಿನಲ್ಲಿ ಗುಂತಕಲ್ಲು ಜಂಕ್ಷನ್ನಿಗೆ ಬಂದಿಳಿಯಲು ಅಡ್ಡಿಯೇನಿಲ್ಲ.

ಈ ವಿಷಯದಲ್ಲಿ ಎರಡು ವಾದಗಳು ಚಾಲ್ತಿಯಲ್ಲಿವೆ. ಕಡಲಿಂದ ಇಷ್ಟು ದೂರದಲ್ಲಿ, ಇಂಥ ಬಿಸಿಲಿನಲ್ಲಿ ಅನಿಮೋನ್ ಬದುಕುವುದೇ ಅಸಾಧ್ಯ ಎನ್ನುವುದು ಒಂದು. ದುಡ್ಡು ಇದ್ದರೆ, ಯಂತ್ರ ಇದ್ದರೆ ಎಲ್ಲವೂ ಸಾಧ್ಯ, ಯೋಚಿಸುವುದೇನಿದೆ ಎನ್ನುವುದು ಇನ್ನೊಂದು. ಎರಡೂ ತಪ್ಪೆಂದು ನನ್ನ ವಾದ. ದೂರವೂ ಬಿಸಿಲೂ ದಾಟಬಹುದಾದ ತೊಡಕುಗಳೇ. ದುಡ್ಡಿನಿಂದ ದಾಟಲಾಗದ ತೊಡಕುಗಳು ಬೇರೆ ಇವೆ: ನೀರು ದಿನದಿನಕ್ಕೂ ಒಂದೇ ಸಮನಾಗಿರಬೇಕು, ಸಾಕುವವನಿಗೆ ವರ್ಷಗಟ್ಟಲೆ ತಾಳ್ಮೆ ಇರಬೇಕು, ಪ್ರಾಣಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನೇರ ಉತ್ತರ ಸಿಗಬೇಕು. ಈ ಮೂರೂ ಇಲ್ಲದ ಮನೆಗೆ ಅನಿಮೋನ್ ಬರಬಾರದು. ಅಂಥ ಮನೆಗಳೇ ಹೆಚ್ಚು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮೊದಲು ಪ್ರಾಣಿಯ ಸ್ವಭಾವ ನೋಡೋಣ. ನೋಡಲು ಹೂವಿನಂತಿದ್ದರೂ ಅನಿಮೋನ್ ಬೇಟೆಗಾರ ಪ್ರಾಣಿ, ಹವಳ ಮತ್ತು ಲೋಳೆಮೀನುಗಳ ಸಂಬಂಧಿ. ಕೆಳಗೆ ಬಂಡೆಗೆ ಅಂಟಿಕೊಳ್ಳುವ ಪಾದ, ಮೇಲೆ ಕುಟುಕುವ ಕೋಶಗಳು ತುಂಬಿದ ಕರಬಳ್ಳಿಗಳು, ನಡುವೆ ಬಾಯಿ. ತಿನ್ನುವುದೂ ವಿಸರ್ಜಿಸುವುದೂ ಆ ಒಂದೇ ದ್ವಾರದಿಂದ. ಕ್ಲೌನ್ ಮೀನುಗಳಿಗೆ ಆಸರೆ ಕೊಡುವ ಅನಿಮೋನ್‌ಗಳು ಸುಮಾರು ಹತ್ತು ಜಾತಿಯವು. ಅವುಗಳ ಅಂಗಾಂಶದೊಳಗೆ ಕಣ್ಣಿಗೆ ಕಾಣದ ಪಾಚಿಕೋಶಗಳು ನೆಲೆಸಿರುತ್ತವೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಅನಿಮೋನಿಗೆ ಒಪ್ಪಿಸುತ್ತದೆ. ಅನಿಮೋನ್ ಅದಕ್ಕೆ ಜಾಗ ಕೊಡುತ್ತದೆ, ತನ್ನ ವಿಸರ್ಜನೆಯ ಸಾರಜನಕವನ್ನೂ ಕೊಡುತ್ತದೆ. ಮೀನಿನ ವಿಸರ್ಜನೆಯಿಂದ ಬರುವ ಅಮೋನಿಯವೂ ಈ ಪಾಚಿಗೆ ಗೊಬ್ಬರ. ಹೀಗೆ ಒಂದು ಅನಿಮೋನ್ ತರುವುದೆಂದರೆ ಪ್ರಾಣಿ, ಸಸ್ಯದಂಥ ಜೀವ, ಬೆಳಕು, ನೀರು ಇವುಗಳ ಒಂದು ಇಡೀ ಒಪ್ಪಂದವನ್ನು ಮನೆಗೆ ತಂದಂತೆ. ಅದರಲ್ಲಿ ಒಂದು ಕೊಂಡಿ ಸಡಿಲವಾದರೂ ಉಳಿದವು ನಿಲ್ಲುವುದಿಲ್ಲ.

ಅದರ ಆಯುಷ್ಯವೂ ಈ ಚರ್ಚೆಗೆ ಮುಖ್ಯ. ಸ್ಕಾಟ್ಲೆಂಡಿನ ಜಾನ್ ಡಾಲಿಯೆಲ್ ಎಂಬ ಪ್ರಕೃತಿ ವಿಜ್ಞಾನಿ 1828ರಲ್ಲಿ ನಾರ್ತ್ ಬೆರ್ವಿಕ್ ಕರಾವಳಿಯಿಂದ ಒಂದು ಸಾಮಾನ್ಯ ಕೆಂಪು ಅನಿಮೋನನ್ನು ತಂದು ಗಾಜಿನ ಜಾಡಿಯಲ್ಲಿಟ್ಟ. ಡಾಲಿಯೆಲ್ 1851ರಲ್ಲಿ ತೀರಿಕೊಂಡ. ಅನಿಮೋನ್ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ, ‘ಅಜ್ಜಿ’ ಎಂದು ಹೆಸರಾಗಿ, ಎಡಿನ್‌ಬರೋದಲ್ಲಿ 1887ರ ತನಕ ಬದುಕಿತು. ಮನುಷ್ಯರ ಕೈಯಲ್ಲೇ 59 ವರ್ಷ. ಅದಕ್ಕೆ ಸಿಕ್ಕಿದ್ದು ಬದಲಾಯಿಸಿದ ಕಡಲ ನೀರು ಮತ್ತು ಆಗೊಮ್ಮೆ ಈಗೊಮ್ಮೆ ಚಿಪ್ಪಿನ ಮಾಂಸದ ಚೂರು, ಅಷ್ಟೇ. ಅದು ತಣ್ಣೀರಿನ ತೀರದ ಜೀವಿ, ಉಬ್ಬರವಿಳಿತದ ಏರುಪೇರಿಗೆ ಒಗ್ಗಿದ್ದು. ಪಾಚಿಯ ಹಂಗಿಲ್ಲದ್ದರಿಂದ ವಿಶೇಷ ಬೆಳಕೂ ಬೇಕಿರಲಿಲ್ಲ. ಹವಳದಿಬ್ಬದ ಅನಿಮೋನಿಗೆ ಇಂಥ ಜಾಡಿ ಸಾಲದು ಎಂಬುದು ನಿಜ. ಆದರೆ ಈ ವಂಶದ ಜೀವಿಗಳಿಗೆ ಮುಪ್ಪು ಬೇಗ ಬರುವುದಿಲ್ಲ ಎಂಬುದು ಅಷ್ಟೇ ನಿಜ. ಹೀಗಿರುವಾಗ ಅಂಗಡಿಯಿಂದ ತಂದ ಅನಿಮೋನ್ ಮೂರು ತಿಂಗಳಿಗೆ ಕರಗಿಹೋದರೆ ಅದನ್ನು ಸಹಜ ಸಾವು ಎನ್ನಲಾಗದು. ನೂರಕ್ಕೆ ನೂರು ನಮ್ಮ ಲೆಕ್ಕಕ್ಕೆ ಸೇರುವ ಸಾವು ಅದು.

ಇನ್ನು ದೂರದ ಪ್ರಶ್ನೆ. ಇದನ್ನು ಮನುಷ್ಯ ಬಿಡಿಸಿ 170 ವರ್ಷಗಳೇ ಆದವು. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ಒಯ್ದು ಮೂರು ವರ್ಷಗಳ ತನಕ ಉಳಿಸಿಕೊಂಡಳು. ಏರ್‌ಪಂಪು ಇಲ್ಲದ ಕಾಲ ಅದು. ಮನೆಗೆಲಸದವಳು ದಿನವೂ ಅರ್ಧ ಮುಕ್ಕಾಲು ಗಂಟೆ ಕಿಟಕಿಯ ಬಳಿ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಎತ್ತಿ ಸುರಿಯುತ್ತಿದ್ದಳಂತೆ. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ನಾಲ್ಕು ಲವಣಗಳನ್ನು ಬೆರೆಸಿ ಕೃತಕ ಕಡಲ ನೀರು ಮಾಡುವ ಕ್ರಮವನ್ನು ಪ್ರಕಟಿಸಿದ. ಇಂದು ಡಬ್ಬಿಯಲ್ಲಿ ಸಿಗುವ ಮರೀನ್ ಸಾಲ್ಟ್ ಅದೇ ಉಪಾಯದ ಮುಂದುವರಿಕೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಹಾಗಾಗಿ 200 ಲೀಟರ್ ತೊಟ್ಟಿಗೆ ಏಳು ಕಿಲೋ ಉಪ್ಪು, ವಾರಕ್ಕೆ 20 ಲೀಟರ್ ಬದಲಾಯಿಸಿದರೆ 700 ಗ್ರಾಂ. ಅಡುಗೆ ಉಪ್ಪು ಇದಕ್ಕೆ ನಡೆಯದು. ಕಡಲ ಲವಣದ ಹೆಚ್ಚಿನ ಪಾಲು ಸೋಡಿಯಂ ಕ್ಲೋರೈಡೇ ಆದರೂ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬನೇಟುಗಳು ತಕ್ಕ ಪ್ರಮಾಣದಲ್ಲಿ ಇಲ್ಲದಿದ್ದರೆ ಅದು ಬರೀ ಉಪ್ಪುನೀರು, ಕಡಲ ನೀರಲ್ಲ.

ಒಂದು ರೀತಿಯಲ್ಲಿ ಒಳನಾಡಿನವನಿಗೆ ಅನುಕೂಲವೇ ಹೆಚ್ಚು. ಕರಾವಳಿಯ ಹವ್ಯಾಸಿ ದಡದ ನೀರನ್ನೇ ಕೊಡದಲ್ಲಿ ತಂದು ಸುರಿಯುವ ಆಸೆಗೆ ಬೀಳುತ್ತಾನೆ. ಮಳೆಗಾಲದಲ್ಲಿ ನದಿಗಳು ಬಂದು ಸೇರಿ ಆ ನೀರಿನ ಉಪ್ಪು ಇಳಿದಿರುತ್ತದೆ, ಬಂದರಿನ ಎಣ್ಣೆ, ಚರಂಡಿಯ ಕೊಳೆ ಬೆರೆತಿರುತ್ತದೆ. ಚಿಪ್ಪಗಿರಿಯವನು ಪ್ರತಿ ಬಾರಿಯೂ ಅಳೆದು ಬೆರೆಸಲೇಬೇಕು. ಅಳತೆಯ ಶಿಸ್ತು ಅವನಿಗೆ ಅನಿವಾರ್ಯವಾಗಿಯೇ ಬರುತ್ತದೆ. ತೊಂದರೆ ಇರುವುದು ಉಪ್ಪಿನಲ್ಲಲ್ಲ, ಅದನ್ನು ಕರಗಿಸುವ ಸಿಹಿನೀರಿನಲ್ಲಿ. ಈ ಭಾಗದ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಏನೇನು ಕರಗಿದೆ ಎಂಬುದು ಊರಿಂದ ಊರಿಗೆ ಬೇರೆ. ಅಂಗಡಿಯ ಕ್ಯಾನ್ ನೀರು ಕುಡಿಯಲು ಸರಿ, ಆದರೆ ರುಚಿಗಾಗಿ ಅದರಲ್ಲಿ ಸ್ವಲ್ಪ ಲವಣ ಉಳಿಸಿರುತ್ತಾರೆ. ಅಕ್ವೇರಿಯಂಗೆ ಬೇಕಾದದ್ದು ಆರ್‌ಒ ಯಂತ್ರದಿಂದ ಬಂದು, ಮತ್ತೊಮ್ಮೆ ರಾಳದ ಕ್ಯಾರ್ಟ್ರಿಜ್ ಮೂಲಕ ಹಾಯ್ದ ನೀರು. ಟಿಡಿಎಸ್ ಮೀಟರು ಸೊನ್ನೆ ತೋರಿಸಬೇಕು. ಈ ಒಂದು ಖರ್ಚನ್ನು ಉಳಿಸಲು ಹೋದವರು ಮುಂದೆ ಪಾಚಿಯ ಕಾಟಕ್ಕೂ ಔಷಧಿಗೂ ಅದಕ್ಕಿಂತ ಹೆಚ್ಚು ಸುರಿಯುತ್ತಾರೆ.

ಬಿಸಿಲಿನ ವಿಷಯಕ್ಕೂ ಇದೇ ರೀತಿ ಎರಡು ಮುಖ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಅನಿಮೋನಿಗೆ ಹಿತವಾದದ್ದು 25-26 ಡಿಗ್ರಿಯ ನೀರು. 30 ದಾಟಿ ದಿನಗಟ್ಟಲೆ ನಿಂತರೆ ಪಾಚಿಯೊಂದಿಗಿನ ಒಪ್ಪಂದ ಮುರಿಯುತ್ತದೆ, ಅನಿಮೋನ್ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ ಕರಗುತ್ತದೆ. ಚಿಲ್ಲರ್ ಯಂತ್ರ ಇದಕ್ಕೆ ಖಚಿತ ಪರಿಹಾರ. ಆದರೆ ಒಣ ಹವೆಯ ನಾಡಿನಲ್ಲಿ ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನು ಕೂಡ ಆವಿಯ ಮೂಲಕ ಒಂದೆರಡು ಡಿಗ್ರಿ ಇಳಿಸಬಲ್ಲದು. ಮಂಗಳೂರಿನ ತೇವದ ಗಾಳಿಯಲ್ಲಿ ಅದೇ ಫ್ಯಾನು ಇಷ್ಟು ಕೆಲಸ ಮಾಡದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 200 ಲೀಟರಿನಲ್ಲಿ 10 ಲೀಟರ್ ಆರಿಹೋದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 37ರ ಹತ್ತಿರಕ್ಕೆ ಏರುತ್ತದೆ. ಆರಿದ ನೀರಿಗೆ ಬದಲಾಗಿ ಉಪ್ಪುನೀರು ಸುರಿದರೆ ಇನ್ನೂ ಏರುತ್ತದೆ. ಸುರಿಯಬೇಕಾದದ್ದು ಶುದ್ಧ ಸಿಹಿನೀರು, ಅದೂ ದಿನದಿನವೂ ಸ್ವಲ್ಪ ಸ್ವಲ್ಪವಾಗಿ. ಹೊಸಬರ ಅನಿಮೋನ್‌ಗಳು ಸಾಯುವುದರಲ್ಲಿ ಈ ಚಿಕ್ಕ ಅಜ್ಞಾನದ ಪಾಲು ದೊಡ್ಡದು.

ಕರೆಂಟು ಹೋದಾಗ ಏನು ಎಂಬ ಪ್ರಶ್ನೆಗೂ ಮೊದಲೇ ಉತ್ತರ ಬೇಕು. ದೀಪ ಕೆಲವು ಗಂಟೆ ಆರಿದರೆ ಚಿಂತೆಯಿಲ್ಲ. ನೀರಿನ ಓಟ ನಿಂತರೆ ಚಿಂತೆ. ಪಂಪಿಗೆ ಪ್ರತ್ಯೇಕ ಇನ್ವರ್ಟರ್ ಲೈನು, ಅದೂ ಕೈಕೊಟ್ಟರೆ ಬ್ಯಾಟರಿಯ ಏರ್‌ಪಂಪು, ಇವೆರಡೂ ಪ್ರಾಣಿ ಮನೆಗೆ ಬರುವ ಮುಂಚೆಯೇ ಸಿದ್ಧವಿರಬೇಕು. ಇಲ್ಲಿಯ ತನಕ ಹೇಳಿದ್ದೆಲ್ಲ ದುಡ್ಡು ಮತ್ತು ಜಾಗರೂಕತೆಯಿಂದ ಆಗುವ ಕೆಲಸ. ಕಾಲವನ್ನು ಮಾತ್ರ ದುಡ್ಡು ಕೊಟ್ಟು ಕೊಳ್ಳಲಾಗದು.

ಹೊಸ ತೊಟ್ಟಿಯ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿದ್ದರೂ ಅದು ಜೀವ ಹಿಡಿದಿರುವುದಿಲ್ಲ. ಜೀವಿಗಳ ವಿಸರ್ಜನೆಯಿಂದ ಬರುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಬೇಕು. ಅಮೋನಿಯವೂ ನೈಟ್ರೈಟೂ ವಿಷ, ನೈಟ್ರೇಟ್ ಕಡಿಮೆ ಪ್ರಮಾಣದಲ್ಲಿ ಸಹ್ಯ. ಹೆಪ್ಪು ಹಾಕಿದ ಹಾಲನ್ನು ಅವಸರಿಸಿದರೆ ಮೊಸರಾಗದ ಹಾಗೆ ಈ ಬ್ಯಾಕ್ಟೀರಿಯಾಗಳೂ ತಮ್ಮ ವೇಳೆ ತೆಗೆದುಕೊಂಡೇ ನೆಲೆಗೊಳ್ಳುತ್ತವೆ, ನಾಲ್ಕರಿಂದ ಆರು ವಾರ. ಮೀನಿಗೆ ಅಷ್ಟು ಸಾಕು, ಅನಿಮೋನಿಗೆ ಸಾಲದು. ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ತೊಟ್ಟಿ ನಡೆದು, ಒಂದು ಬೇಸಿಗೆಯನ್ನಾದರೂ ದಾಟಿ, ಅಳತೆಗಳು ತಿಂಗಳುಗಟ್ಟಲೆ ಒಂದೇ ಸಮನಾಗಿ ನಿಂತ ಮೇಲೆ ಅನಿಮೋನ್ ತರಬೇಕು ಎಂಬುದು ಅನುಭವಿಗಳು ಒಪ್ಪಿರುವ ಮಾತು. ಸಾಂದ್ರತೆ 1.025ರ ಆಸುಪಾಸು, ಪಿಎಚ್ 8.1ರಿಂದ 8.4, ನೈಟ್ರೇಟ್ ಲೀಟರಿಗೆ ಹತ್ತು ಮಿಲಿಗ್ರಾಂ ಒಳಗೆ, ಈ ಅಂಕಿಗಳು ಎಲ್ಲ ಕಡೆ ಸಿಗುತ್ತವೆ. ಆದರೆ ಅಂಕಿಗಿಂತ ಮುಖ್ಯವಾದದ್ದು ಅದರ ನಿಶ್ಚಲತೆ. ಇಂದು 1.023, ನಾಳೆ 1.027 ಆಗುವ ತೊಟ್ಟಿಗಿಂತ ಸದಾ 1.024ರಲ್ಲಿ ನಿಂತ ತೊಟ್ಟಿ ಮೇಲು. ಅಂಗಡಿಯವನು ತೊಟ್ಟಿ, ಮೀನು, ಅನಿಮೋನ್ ಎಲ್ಲವನ್ನೂ ಒಂದೇ ವಾರದಲ್ಲಿ ಮಾರಲು ನೋಡುತ್ತಾನೆ. ಅನಿಮೋನಿನ ಆರೋಗ್ಯದ ಮೊದಲ ಪಾಠ ಆ ಅವಸರಕ್ಕೆ ಬೇಡವೆನ್ನುವುದು.

ಕೊಳ್ಳುವಾಗ ನೋಡಬೇಕಾದ ಲಕ್ಷಣಗಳು ಕೆಲವೇ. ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಕರಬಳ್ಳಿಗಳು ಮುಟ್ಟಿದರೆ ಅಂಟಬೇಕು. ಪಾದ ಹರಿದಿರಬಾರದು; ಬಂಡೆಯಿಂದ ಕಿತ್ತು ತೆಗೆಯುವಾಗ ಹರಿದ ಪಾದವೇ ಎಷ್ಟೋ ಸಾವುಗಳಿಗೆ ಮೂಲ. ಮೈಬಣ್ಣ ಕಂದು, ಹಸಿರು ಇಲ್ಲವೇ ಆ ಜಾತಿಗೆ ಸಹಜವಾದ ಬಣ್ಣವಿರಬೇಕು. ಅಚ್ಚ ಬಿಳಿ ಅನಿಮೋನ್ ಅಪರೂಪದ್ದೆಂದು ಮೆಚ್ಚಿ ತರುವವರಿದ್ದಾರೆ. ಅದು ಪಾಚಿ ಕಳೆದುಕೊಂಡು ಹಸಿದ ಪ್ರಾಣಿ. ಕಡು ಹಳದಿ, ಕಡು ಗುಲಾಬಿ ಬಣ್ಣದವುಗಳಲ್ಲಿ ಕೆಲವಕ್ಕೆ ಬಣ್ಣ ಹಾಕಿರುತ್ತಾರೆ. ಮನೆಗೆ ತಂದ ಮೇಲೆ ಅದು ತನ್ನ ಜಾಗವನ್ನು ತಾನೇ ಹುಡುಕುತ್ತ ನಿಧಾನವಾಗಿ ನಡೆಯುತ್ತದೆ. ನಾವು ಇಟ್ಟಲ್ಲಿ ಇರಲೇಬೇಕೆಂಬ ಹಟ ಬೇಡ. ನಡೆಯುವ ಅನಿಮೋನ್ ಪಂಪಿನ ಬಾಯಿಗೆ ಸಿಕ್ಕರೆ ಚಿಂದಿಯಾಗುತ್ತದೆ, ಹಾಗಾಗಿ ಪಂಪಿಗೆ ಜಾಳಿಗೆ ಇರಲೇಬೇಕು. ಸತ್ತ ಅನಿಮೋನ್ ಒಂದು ರಾತ್ರಿಯಲ್ಲಿ ಕೊಳೆತು ಇಡೀ ತೊಟ್ಟಿಯನ್ನು ಕೆಡಿಸಬಲ್ಲದು. ಆಗಾಗ ಮೈ ಕುಗ್ಗಿಸಿ ಹಳೆಯ ನೀರು ಹೊರಚೆಲ್ಲುವುದು ಸಹಜ, ಅದಕ್ಕೆ ಗಾಬರಿ ಬೇಡ. ಬಾಯಿ ತೆರೆದು, ಮೈ ಲೋಳೆಯಾಗಿ, ನಾತ ಬಂದರೆ ಕೂಡಲೇ ತೆಗೆಯಬೇಕು. ಆಹಾರ ವಾರಕ್ಕೊಮ್ಮೆ ಸಿಗಡಿಯ ಒಂದು ಸಣ್ಣ ಚೂರು ಸಾಕು. ಉಳಿದದ್ದನ್ನು ಒಳ್ಳೆಯ ಎಲ್‌ಇಡಿ ಬೆಳಕು ಕೊಡುತ್ತದೆ. ಪ್ರೀತಿಯಿಂದ ಹೆಚ್ಚು ಉಣಿಸಿ ಕೊಲ್ಲುವುದು ಇಲ್ಲಿಯೂ ಉಂಟು.

ನಮ್ಮ ಕಡೆಯ ಮನೆಗಳಿಗೆ ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕು. ಒಂದು, ತಾಮ್ರ. ಮಡಿ ನೀರಿಗೆ, ಕುಡಿಯುವ ನೀರಿಗೆ ತಾಮ್ರದ ಕೊಡ ಶ್ರೇಷ್ಠವೆಂಬ ಮನೆತನಗಳು ಇಲ್ಲಿ ಬಹಳ. ಮನುಷ್ಯನಿಗೆ ಸಹ್ಯವಾದ ಆ ಲೋಹ ಬೆನ್ನೆಲುಬಿಲ್ಲದ ಕಡಲ ಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಮೀನಿನ ರೋಗಕ್ಕೆ ಕೊಡುವ ಹಲವು ಔಷಧಿಗಳಲ್ಲೂ ತಾಮ್ರವಿರುತ್ತದೆ. ಅನಿಮೋನ್ ಇರುವ ತೊಟ್ಟಿಗೆ ಆ ಔಷಧಿ ಬೀಳಕೂಡದು, ಆ ನೀರು ತಾಮ್ರದ ಪಾತ್ರೆ ಕಾಣಕೂಡದು. ಎರಡು, ಕೀಟನಾಶಕ. ಆದವಾನಿ ಹತ್ತಿ ವ್ಯಾಪಾರಕ್ಕೆ ಹೆಸರಾದ ಊರು. ಹತ್ತಿ ಇದ್ದಲ್ಲಿ ಸಿಂಪಡಣೆಯ ಔಷಧಿ ಇದ್ದದ್ದೇ. ಹೊಲದಿಂದ ಬಂದ ಕೈಯನ್ನು ಚೆನ್ನಾಗಿ ತೊಳೆಯದೆ ತೊಟ್ಟಿಯಲ್ಲಿ ಅದ್ದುವುದು, ಅದೇ ಕೋಣೆಯಲ್ಲಿ ಸೊಳ್ಳೆ ಔಷಧಿ ಹೊಡೆಯುವುದು, ಎರಡೂ ಅಪಾಯ.

ಬರದ ನಾಡಿನಲ್ಲಿ ಇಂಥ ಹವ್ಯಾಸಕ್ಕೆ ನೀರು ಸುರಿಯುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಊರಿಗೆ ಊರೇ ಗುಳೆ ಹೋಗುವುದನ್ನು ಕಂಡವರು ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲಾರರು. ಲೆಕ್ಕ ಹಾಕಿಯೇ ನೋಡೋಣ. ವಾರಕ್ಕೆ 20 ಲೀಟರ್ ಬದಲಾವಣೆಗೆ, ಬೇಸಿಗೆಯಲ್ಲಿ ಆರಿಹೋದದ್ದಕ್ಕೆ ಇನ್ನು 25 ಲೀಟರ್ ಎಂದಿಟ್ಟುಕೊಂಡರೆ 45 ಲೀಟರ್ ಶುದ್ಧ ನೀರು. ಲೀಟರಿಗೆ ಎರಡು ಮೂರು ಲೀಟರ್ ಹೊರಚೆಲ್ಲುವ ಆರ್‌ಒ ಯಂತ್ರ ವಾರಕ್ಕೆ 90ರಿಂದ 135 ಲೀಟರ್ ಬಿಡುತ್ತದೆ. ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿದರೆ ನಷ್ಟ ಬಹಳ ಕಡಿಮೆ. ಬೇಸಿಗೆಯಲ್ಲಿ ಒಂದು ದೊಡ್ಡ ಏರ್‌ಕೂಲರ್ ದಿನವೊಂದಕ್ಕೇ ಹತ್ತಾರು ಲೀಟರ್ ಕುಡಿಯುತ್ತದೆ. ಹಾಗಾಗಿ ನೀರಿನ ಪ್ರಮಾಣದ ಆಕ್ಷೇಪ ನಿಲ್ಲುವುದಿಲ್ಲ. ನಿಲ್ಲುವ ಆಕ್ಷೇಪ ಬೇರೆ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ವಾರಕ್ಕೆ 700 ಗ್ರಾಂ ಎಂದರೆ ವರ್ಷಕ್ಕೆ 36 ಕಿಲೋ ಉಪ್ಪು ಮನೆಯಿಂದ ಹೊರಬೀಳುತ್ತದೆ. ಚೌಳು ಹತ್ತಿ ಹಾಳಾದ ನೆಲದ ಕಷ್ಟ ನಮ್ಮ ರೈತರಿಗೆ ಗೊತ್ತು. ಹಳೆಯ ಉಪ್ಪುನೀರನ್ನು ಹಿತ್ತಲಿಗೆ, ಗಿಡಕ್ಕೆ, ಬಾವಿಯ ಬಳಿ ಚೆಲ್ಲುವುದು ತಪ್ಪು. ಪಟ್ಟಣದಲ್ಲಿ ಚರಂಡಿಗೆ ಬಿಡಬಹುದು. ಚರಂಡಿ ಇಲ್ಲದ ಹಳ್ಳಿಯ ಮನೆಯವರು ಇದಕ್ಕೆ ಮೊದಲೇ ದಾರಿ ನೋಡಿಕೊಳ್ಳಬೇಕು. ದಾರಿ ಇಲ್ಲದಿದ್ದರೆ ಉಪ್ಪುನೀರಿನ ತೊಟ್ಟಿಯೇ ಬೇಡ.

ಎಲ್ಲಕ್ಕಿಂತ ಗಂಭೀರವಾದದ್ದು ಪ್ರಾಣಿಯ ಮೂಲದ ಪ್ರಶ್ನೆ. ಹವಳದಿಬ್ಬದ ಅನಿಮೋನ್ ನಿಧಾನವಾಗಿ ಬೆಳೆಯುವ, ಬಹುಕಾಲ ಬಾಳುವ ಜೀವಿ. ಒಂದೇ ಅನಿಮೋನ್ ತಲೆಮಾರುಗಳ ಕ್ಲೌನ್ ಮೀನುಗಳಿಗೆ ನೆಲೆ. ಅದನ್ನು ಕಿತ್ತರೆ ಆ ಮೀನುಗಳಿಗೆ ಆಸರೆಯೂ ಹೋಯಿತು, ಮೊಟ್ಟೆಯಿಡುವ ತಾಣವೂ ಹೋಯಿತು. ಫಿಲಿಪ್ಪೀನ್ಸಿನ ಸೆಬು ಸಮೀಪದಲ್ಲಿ ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿಯುವ ಜಾಗಗಳನ್ನೂ ರಕ್ಷಿತ ಜಾಗಗಳನ್ನೂ ಹೋಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಹಿಡಿಯುವ ಜಾಗಗಳಲ್ಲಿ ಅನಿಮೋನೂ ಅದರ ಮೀನೂ ಎರಡೂ ವಿರಳವಾಗಿದ್ದವು. ನಮ್ಮ ಲಕ್ಷದ್ವೀಪದ ದಿಬ್ಬಗಳು 1998, 2010, 2016ರ ಬಿಸಿನೀರಿನ ಅಲೆಗಳಲ್ಲಿ ಬಿಳಿಚಿ ಬಸವಳಿದಿವೆ. ಅಂಥ ದಿಬ್ಬದಿಂದ ಒಂದೊಂದನ್ನೂ ಕೀಳುವುದು ರೋಗಿಯ ರಕ್ತ ಕೊಂಡಂತೆ. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಹವಳಗಳು ಸೇರಿವೆ. ಅನಿಮೋನ್ ಕೂರಿಸಲೆಂದು ‘ಲೈವ್ ರಾಕ್’ ಹೆಸರಿನಲ್ಲಿ ಹವಳದ ತುಂಡು ಕೊಂಡವನು ಗೊತ್ತಿಲ್ಲದೆಯೇ ಅಪರಾಧಿಯಾಗುತ್ತಾನೆ. ಸೆರಾಮಿಕ್ ಅಥವಾ ಸಿಮೆಂಟಿನ ಕೃತಕ ಬಂಡೆ ಅದೇ ಕೆಲಸ ಮಾಡುತ್ತದೆ.

ಇದೆಲ್ಲ ಹೊಸ ಕಥೆಯೂ ಅಲ್ಲ. ಕೃತಕ ಕಡಲ ನೀರಿನ ಕ್ರಮ ಪ್ರಕಟಿಸಿದ ಗಾಸ್‌ನ ಪುಸ್ತಕಗಳು ಇಂಗ್ಲೆಂಡಿನ ಮನೆಮನೆಗೂ ಅಕ್ವೇರಿಯಂ ಹುಚ್ಚು ಹಬ್ಬಿಸಿದವು. ಜನ ತಂಡತಂಡವಾಗಿ ಡೆವನ್ ತೀರಕ್ಕೆ ಇಳಿದು ಬಂಡೆಯ ಸಂದುಗಳನ್ನೆಲ್ಲ ಬರಿದು ಮಾಡಿದರು. ತಂದೆಗೆ ಅದು ಬಹಳ ನೋವು ತಂದಿತೆಂದು ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಕಡಲನ್ನು ಪ್ರೀತಿಸಲು ಕಲಿಸಿದವನೇ ಕಡಲ ತೀರ ಬರಿದಾಗಲು ಕಾರಣನಾದ.

ಇದಕ್ಕೆ ಎದುರಾಗಿ ಬರುವ ವಾದಗಳನ್ನೂ ಕೇಳಬೇಕು. ಮಿದುಳೇ ಇಲ್ಲದ ಪ್ರಾಣಿಗೆ ಇಷ್ಟೆಲ್ಲ ಮರುಕ ಏಕೆ ಎನ್ನುತ್ತಾರೆ. ಅನಿಮೋನಿಗೆ ಮಿದುಳಿಲ್ಲ, ಮೈತುಂಬ ಹರಡಿದ ನರಜಾಲವಿದೆ, ಅಷ್ಟೇ. ಆದರೆ 2023ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಬೂರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಬೆಳಕಿನ ಜೊತೆಗೇ ಸಣ್ಣ ವಿದ್ಯುತ್ ಆಘಾತ ಕೊಟ್ಟು ರೂಢಿ ಮಾಡಿಸಿದಾಗ, ಒಂದು ಜಾತಿಯ ಚಿಕ್ಕ ಅನಿಮೋನ್ ಬರೀ ಬೆಳಕು ಬಿದ್ದರೂ ಮುದುಡಲು ಕಲಿಯಿತು. ಅದಕ್ಕೆ ನೋವಿದೆಯೇ ಎಂಬುದು ಇದರಿಂದ ತೀರ್ಮಾನವಾಗದು. ನನ್ನ ಆಕ್ಷೇಪವೂ ನೋವೊಂದನ್ನೇ ನೆಚ್ಚಿಕೊಂಡಿಲ್ಲ. ದಶಕಗಟ್ಟಲೆ ಬಾಳಬಲ್ಲದ್ದನ್ನು ತಿಂಗಳಲ್ಲಿ ಹಾಳು ಮಾಡುವುದು, ನೋವಿರಲಿ ಇಲ್ಲದಿರಲಿ, ದುಂದು.

ಇನ್ನೊಂದು ವಾದ ಜೀವನೋಪಾಯದ್ದು: ದ್ವೀಪದ ಬಡವರು ಈ ಜೀವಿಗಳನ್ನು ಹಿಡಿದು ಮಾರುವುದನ್ನೇ ನಂಬಿ ಬದುಕುತ್ತಾರಲ್ಲ ಎಂದು. ಅವರ ಬದುಕು ನಡೆಯಬೇಕು, ನಿಜ. ಅದಕ್ಕೆ ದಾರಿ ಕಡಲಿಂದ ಕಿತ್ತು ಮಾರುವುದಲ್ಲ, ಮರಿ ಮಾಡಿಸಿ ಮಾರುವುದು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ತಮಿಳುನಾಡಿನ ಪರಂಗಿಪೇಟೆಯ ಸಾಗರ ಜೀವಶಾಸ್ತ್ರ ಕೇಂದ್ರ ಇವು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ರೂಢಿಸಿವೆ. ಮೂರನೆಯ ವಾದ, ಕಡಲನ್ನೇ ಕಾಣದ ನಮ್ಮ ಮಕ್ಕಳಿಗೆ ಕಡಲ ಪಾಠ ಬೇಡವೇ ಎಂಬುದು. ಇದು ನನಗೆ ಹೆಚ್ಚು ತಟ್ಟುವ ಮಾತು. ಖಂಡಿತ ಬೇಕು. ಆದರೆ ಮೂರು ತಿಂಗಳಲ್ಲಿ ಸತ್ತು ಕಸಕ್ಕೆ ಹೋದ ಅನಿಮೋನ್ ಕಲಿಸುವ ಪಾಠ ಒಂದೇ: ಬೇಕೆನಿಸಿದ್ದನ್ನು ಕೊಂಡು, ಸತ್ತರೆ ಇನ್ನೊಂದು ಕೊಳ್ಳಬಹುದು ಎಂಬುದು. ಆ ಪಾಠ ಮಕ್ಕಳಿಗೆ ಬೇಡ.

ಹಾಗಾದರೆ ಮಾಡಬೇಕಾದದ್ದೇನು? 2003ರ ‘ಫೈಂಡಿಂಗ್ ನೀಮೊ’ ಸಿನಿಮಾ ನೋಡಿ ಅಂಗಡಿಗೆ ಹೋಗುವ ಮನೆಗಳಿಗೆ ನನ್ನ ಉತ್ತರ ನೇರ. ತೊಟ್ಟಿಯಲ್ಲಿ ಹುಟ್ಟಿದ ಕ್ಲೌನ್ ಮೀನಿನ ಜೋಡಿ ತನ್ನಿ, ಅನಿಮೋನ್ ಬಿಡಿ. ಕಡಲಿನಲ್ಲಿ ಆ ಮೀನಿಗೆ ಅನಿಮೋನ್ ಬೇಕಾಗುವುದು ಬೇಟೆಗಾರರ ಭಯದಿಂದ. ಮನೆಯ ತೊಟ್ಟಿಯಲ್ಲಿ ಅದನ್ನು ತಿನ್ನುವವರಿಲ್ಲ. ಅನಿಮೋನನ್ನು ಒಮ್ಮೆಯೂ ಕಾಣದೆ ಮರಿಯಾದ ಕ್ಲೌನ್ ಮೀನುಗಳು ಹತ್ತು ವರ್ಷ ಮೀರಿ ಆರೋಗ್ಯವಾಗಿ ಬದುಕುತ್ತವೆ, ಜೋಡಿಯಾಗುತ್ತವೆ, ಮೊಟ್ಟೆಯಿಡುತ್ತವೆ. ಮೀನು ಮತ್ತು ಅನಿಮೋನ್ ಬಿಡಿಸಲಾಗದ ಜೋಡಿ ಎಂಬ ನಂಬಿಕೆಯಿಂದ ಲಾಭವಾಗುವುದು ಅಂಗಡಿಗೆ ಮಾತ್ರ.

ಒಂದು ವರ್ಷ ಅಂಥ ತೊಟ್ಟಿಯನ್ನು ನಡೆಸಿ, ಒಂದು ಬೇಸಿಗೆ ದಾಟಿಸಿ, ಅಳತೆಯ ಪುಸ್ತಕವನ್ನು ತಪ್ಪದೆ ಬರೆದವರು ಮುಂದಿನ ಹೆಜ್ಜೆ ಇಡಬಹುದು. ಅವರಿಗೂ ಕಡಲಿಂದ ಕಿತ್ತದ್ದು ಬೇಡ. ‘ಬಬಲ್ ಟಿಪ್’ ಎಂದು ಕರೆಯುವ ಜಾತಿ ತಾನೇ ನಡುವೆ ಸೀಳಿ ಎರಡಾಗುತ್ತದೆ. ಹಳೆಯ ಹವ್ಯಾಸಿಗಳ ತೊಟ್ಟಿಗಳಲ್ಲಿ ಹೀಗೆ ಒಡೆದವು ಕೈಯಿಂದ ಕೈಗೆ ದಾಟುತ್ತಿರುತ್ತವೆ. ಅಂಥದ್ದು ಮನೆಯ ನೀರಿಗೆ, ಮನೆಯ ಬೆಳಕಿಗೆ ಆಗಲೇ ಒಗ್ಗಿರುತ್ತದೆ, ದಿಬ್ಬದಿಂದ ಕಿತ್ತ ಗಾಯ ಅದಕ್ಕಿರುವುದಿಲ್ಲ, ಕಡಲಿಗೆ ನಷ್ಟವೂ ಇಲ್ಲ. ಕೊಡುವವರು ತಮ್ಮ ತೊಟ್ಟಿಯಲ್ಲಿ ತಾಯಿ ಅನಿಮೋನನ್ನು ತೋರಿಸಲಾರರಾದರೆ ಕೊಳ್ಳಬೇಡಿ.

ಕಡಲು ಎಷ್ಟು ದೂರ ಎಂಬುದು ಈ ವಿಷಯದಲ್ಲಿ ಅರ್ಹತೆಯೂ ಅಲ್ಲ, ಅನರ್ಹತೆಯೂ ಅಲ್ಲ. ಮುಂದಿನ ಹತ್ತು ವರ್ಷ ವಾರವಾರವೂ ನೀರು ಬದಲಾಯಿಸುವವರು ಯಾರು, ಊರಿಗೆ ಹೋದಾಗ ಆರಿದ ನೀರು ತುಂಬುವವರು ಯಾರು, ಸಾಕಲಾರದ ದಿನ ಬಂದರೆ ಅದನ್ನು ಯಾರ ಕೈಗೆ ಒಪ್ಪಿಸುವುದು, ಈ ಮೂರು ಪ್ರಶ್ನೆಗಳಿಗೆ ಹೆಸರು ಹಿಡಿದು ಉತ್ತರ ಹೇಳಬಲ್ಲ ಮನೆ ಚಿಪ್ಪಗಿರಿಯಲ್ಲಿದ್ದರೂ ಅನಿಮೋನ್ ಅಲ್ಲಿ ಬಾಳುತ್ತದೆ. ಉತ್ತರ ಇಲ್ಲದ ಮನೆ ಕಡಲ ದಡದಲ್ಲಿದ್ದರೂ ಅದು ಅಲ್ಲಿ ಸಾಯುತ್ತದೆ. ಕೊಳ್ಳಲು ಹೊರಡುವ ಮುನ್ನ ಆ ಮೂರು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಒಂದು ಹೆಸರಾದರೂ ಖಾಲಿ ಉಳಿದರೆ ಅಂಗಡಿಗೆ ಹೋಗಬೇಡಿ.